ಸೋಲಾರ್ ಕರೆಂಟ್ ಒಲೆಗೆ ಯಾವ ಕಟ್‌ಆಫ್ ಹಾಕಬೇಕು? ಥರ್ಮೋಸ್ಟಾಟ್ ಅಂಟಿಕೊಂಡು ಪಾತ್ರೆ ಸೀದುಹೋಯಿತು

ಬಿಸಿಲುಸೀಮೆ_ಮನೆ

ಎಲ್ಲರಿಗೂ ನಮಸ್ಕಾರ. ನಾವು ಕುಷ್ಟಗಿ ಹತ್ತಿರದವರು. ಪಂಪಿಗೆ ತಂದ ಪ್ಯಾನೆಲ್‌ಗಳಲ್ಲಿ ಒಂದು ಉಳಿದಿತ್ತು, 330 ವ್ಯಾಟ್, 72 ಸೆಲ್‌ನದು. ಹಿಂದಿನ ಸ್ಟಿಕ್ಕರ್‌ನಲ್ಲಿ ಓಪನ್ ಸರ್ಕ್ಯೂಟ್ (ಲೋಡ್ ಇಲ್ಲದಾಗ) 46 ವೋಲ್ಟ್, ಶಾರ್ಟ್ ಸರ್ಕ್ಯೂಟ್ 9 ಆಂಪ್ಸ್ ಚಿಲ್ಲರೆ ಅಂತ ಇದೆ. ಬ್ಯಾಟರಿ, ಇನ್ವರ್ಟರ್ ಏನೂ ಇಲ್ಲದೆ ನೇರವಾಗಿ ಹೀಟರ್‌ನ ನೈಕ್ರೋಮ್ ತಂತಿಗೆ ಕೊಟ್ಟು ಒಲೆ ಮಾಡಿದ್ದೇನೆ. ದಪ್ಪ ತಳದ ಅಲ್ಯೂಮಿನಿಯಂ ಪಾತ್ರೆ, ತಳಕ್ಕೆ ಹೀಟರ್, ಸುತ್ತ ಗ್ಲಾಸ್‌ವೂಲ್, ಹೊರಗೆ ತಗಡಿನ ಡಬ್ಬಿ. ಬೆಳಿಗ್ಗೆ ಹುರಳಿಕಾಳು ಇಟ್ಟು ಹೊಲಕ್ಕೆ ಹೋದರೆ ಮಧ್ಯಾಹ್ನ ಊಟದ ಹೊತ್ತಿಗೆ ಬೆಂದಿರುತ್ತದೆ.

ಜಾಸ್ತಿ ಬಿಸಿಯಾದರೆ ಕಟ್ ಆಗಲಿ ಅಂತ ಕೆಎಸ್‌ಡಿ301 ಥರ್ಮೋಸ್ಟಾಟ್, 150 ಡಿಗ್ರಿಯದು, ಹೀಟರ್ ಜೊತೆ ಸೀರೀಸ್‌ನಲ್ಲಿ ಹಾಕಿದ್ದೆ. ಅದರ ಮೈಮೇಲೆ 250 ವೋಲ್ಟ್ 10 ಆಂಪ್ಸ್ ಅಂತ ಬರೆದಿದೆ. ನಮ್ಮದು ಬರೀ 46 ವೋಲ್ಟ್ ಅಲ್ವಾ, ಧಾರಾಳವಾಗಿ ಸಾಕು ಅಂದುಕೊಂಡೆ. ಎರಡು ವಾರ ಸರಿಯಾಗಿತ್ತು. ಮೊನ್ನೆ ನೀರು ಕಡಿಮೆಯಾಗಿ ಕಾಳು ಸೀದು, ವೂಲ್ ಕಂದು ಬಣ್ಣಕ್ಕೆ ತಿರುಗಿ, ಡಬ್ಬಿಯ ಸಂದಿನಿಂದ ಹೊಗೆ ಬಂತು. ಮನೆಯಲ್ಲಿ ಅಮ್ಮ ಒಬ್ಬರೇ ಇದ್ದರು. ವೈರ್ ಮುಟ್ಟಲು ಹೆದರಿ ಪ್ಯಾನೆಲ್ ಮೇಲೆ ಕಂಬಳಿ ಹೊದಿಸಿ ನಿಲ್ಲಿಸಿದ್ದಾರೆ. ಆಮೇಲೆ ಥರ್ಮೋಸ್ಟಾಟ್ ಒಡೆದು ನೋಡಿದೆ. ಒಳಗಿನ ಎರಡು ಬೆಳ್ಳಿ ಚುಕ್ಕೆ ಕರಗಿ ಒಂದಕ್ಕೊಂದು ಅಂಟಿವೆ, ಉಗುರು ಹಾಕಿ ಎಬ್ಬಿಸಿದರೂ ಬಿಡುತ್ತಿಲ್ಲ, ಸುತ್ತ ಕಪ್ಪು ಮಸಿ.

16 ಆಂಪ್ಸ್‌ನ ದೊಡ್ಡದು ಹಾಕಿದರೆ ಸಾಕಾ, ಇಲ್ಲ ಥರ್ಮಲ್ ಫ್ಯೂಸ್ (ಬಿಸಿ ಮಿತಿ ಮೀರಿದರೆ ಒಂದೇ ಸಲಕ್ಕೆ ಕಡಿದುಹೋಗುವುದು) ಹಾಕಬೇಕಾ? ಹಾಕಿದರೆ ಎಷ್ಟು ಡಿಗ್ರಿಯದು? ಗೊತ್ತಿದ್ದವರು ಹೇಳಿ. ಇದು ಸರಿಹೋಗುವ ತನಕ ಒಲೆ ಹಚ್ಚುವುದಿಲ್ಲ ಅಂತ ಅಮ್ಮನಿಗೆ ಮಾತು ಕೊಟ್ಟಿದ್ದೇನೆ.

ವೈಂಡಿಂಗ್_ಅಂಗಡಿ

ಅಮ್ಮ ಮಾಡಿದ್ದೇ ಸರಿ. ಲೋಡ್ ಇರುವಾಗ ಸೋಲಾರ್ ಕನೆಕ್ಟರ್ ಎಳೆದಿದ್ದರೆ ಅಲ್ಲೂ ಕಿಡಿ ಹಾರುತ್ತಿತ್ತು.

ಆ 250 ವೋಲ್ಟ್ ಎಸಿಗೆ ಬರೆದಿರುವುದು. ನಮ್ಮ ಮನೆಯ ಎಸಿ ಕರೆಂಟ್ ಸೆಕೆಂಡಿಗೆ 100 ಸಲ ಸೊನ್ನೆಗೆ ಬಂದು ಹೋಗುತ್ತದೆ. ಕಾಂಟ್ಯಾಕ್ಟ್ ಬಿಡುವಾಗ ಹುಟ್ಟಿದ ಕಿಡಿ ಆ ಸೊನ್ನೆಯಲ್ಲಿ ತಾನಾಗಿಯೇ ಆರುತ್ತದೆ. ಪ್ಯಾನೆಲ್‌ನ ಡಿಸಿಗೆ ಸೊನ್ನೆ ಅನ್ನುವುದೇ ಇಲ್ಲ. ಕಿಡಿ ಆರದೆ ಉರಿಯುತ್ತದೆ, ಬೆಳ್ಳಿ ಕರಗುತ್ತದೆ, ಆಮೇಲೆ ಒತ್ತಿಕೊಂಡು ವೆಲ್ಡ್ ಆಗುತ್ತದೆ. 16 ಆಂಪ್ಸ್‌ನದು ಹಾಕಿದರೆ ಎರಡು ವಾರದ ಬದಲು ಒಂದು ತಿಂಗಳು ಬರಬಹುದು, ಅಷ್ಟೇ.

ಇನ್ನೊಂದು ಮಾತು. ಮಾಮೂಲಿ ಗಾಜಿನ ಫ್ಯೂಸ್ ಹಾಕಿ ನಿಶ್ಚಿಂತೆಯಿಂದ ಇರಬೇಡಿ. ಒಂದೇ ಪ್ಯಾನೆಲ್ ಪೂರ್ತಿ ಶಾರ್ಟ್ ಆದರೂ 9 ಆಂಪ್ಸ್ ಚಿಲ್ಲರೆ ಮಾತ್ರ ಕೊಡುತ್ತದೆ, ನಿಮ್ಮ ಒಲೆ ಹೇಗೂ ಎಂಟೂವರೆ ಎಳೆಯುತ್ತಿದೆ. ಫ್ಯೂಸ್‌ಗೆ ಎರಡರ ವ್ಯತ್ಯಾಸ ಗೊತ್ತಾಗುವುದೇ ಇಲ್ಲ. ಇಲ್ಲಿ ಕಾಯಬೇಕಾದ್ದು ಬಿಸಿಯನ್ನು.

ನಾನಾದರೆ ಹೀಗೆ ಮಾಡುತ್ತೇನೆ. ಥರ್ಮೋಸ್ಟಾಟ್ ಅದೇ ಇರಲಿ, ಹೊಸದು ತನ್ನಿ, ಆದರೆ ಅದರಲ್ಲಿ ಹೀಟರ್ ಕರೆಂಟ್ ಹರಿಸಬೇಡಿ. ಹೀಟರ್ ಕರೆಂಟ್ ಒಂದು ಮಾಸ್‌ಫೆಟ್ (ಎಲೆಕ್ಟ್ರಾನಿಕ್ ಸ್ವಿಚ್) ಹೊರಲಿ, ಥರ್ಮೋಸ್ಟಾಟ್ ಅದರ ಗೇಟ್‌ಗೆ, ಅಂದರೆ ಆನ್ ಆಫ್ ಮಾಡುವ ಕಾಲಿಗೆ, ಹೋಗುವ ನಾಲ್ಕೈದು ಮಿಲಿಆಂಪ್ಸ್ ಮಾತ್ರ ಕಡಿಯಲಿ. ಅಷ್ಟು ಕರೆಂಟಿಗೆ ಸುಡುವಂಥ ಕಿಡಿ ಬರುವುದಿಲ್ಲ. ಐಆರ್‌ಎಲ್540ಎನ್ 100 ವೋಲ್ಟ್‌ನದು, ಸಾಕಾಗುತ್ತದೆ. ಗೇಟ್ ವೋಲ್ಟೇಜ್ ಜಾಸ್ತಿ ಏರದ ಹಾಗೆ 12 ವೋಲ್ಟ್ ಜೀನರ್, ಗೇಟ್‌ನಿಂದ ಸೋರ್ಸ್‌ಗೆ ಒಂದು ರೆಸಿಸ್ಟರ್ ಮರೆಯಬೇಡಿ. ಥರ್ಮೋಸ್ಟಾಟ್ ಬಿಟ್ಟಾಗ ಗೇಟ್ ಕೆಳಗಿಳಿಯುವುದು ಆ ರೆಸಿಸ್ಟರ್‌ನಿಂದಲೇ. 8 ಆಂಪ್ಸ್‌ಗೆ ಸುಮಾರು 3 ವ್ಯಾಟ್ ಮಾಸ್‌ಫೆಟ್‌ನಲ್ಲೇ ಬಿಸಿಯಾಗುತ್ತದೆ, ಹಾಗಾಗಿ ಹೀಟ್‌ಸಿಂಕ್ ಹಾಕಿ ಡಬ್ಬಿಯ ಹೊರಗಡೆ ಇಡಿ.

ಸರ್ಕ್ಯೂಟ್_ತುಮಕೂರು

ಇಷ್ಟೆಲ್ಲಾ ಯಾಕೆ? ಎಸ್‌ಎಸ್‌ಆರ್ (ಕಾಂಟ್ಯಾಕ್ಟ್ ಇಲ್ಲದ ಎಲೆಕ್ಟ್ರಾನಿಕ್ ರಿಲೇ) ರೆಡಿ ಸಿಗುತ್ತದಲ್ಲಾ, ಎಸ್‌ಎಸ್‌ಆರ್-25ಡಿಎ ಹಾಕಿ, ಜೊತೆಗೊಂದು ಟೆಂಪರೇಚರ್ ಕಂಟ್ರೋಲರ್. ಮುಗಿಯಿತು.

ವೈಂಡಿಂಗ್_ಅಂಗಡಿ

ದಯವಿಟ್ಟು ಅದನ್ನು ಹಾಕಬೇಡಿ. ಡಿಎ ಅಂದರೆ ಒಳಗೆ ಟ್ರಯಾಕ್ ಜಾತಿಯ ಸ್ವಿಚ್, ಎಸಿ ಲೋಡ್‌ಗೆ ಮಾತ್ರ. ಕರೆಂಟ್ ಸೊನ್ನೆಗೆ ಬಂದರೆ ಮಾತ್ರ ಆಫ್ ಆಗುತ್ತದೆ. ಡಿಸಿಯಲ್ಲಿ ಒಂದು ಸಲ ಆನ್ ಆದರೆ ಸೂರ್ಯ ಮುಳುಗುವ ತನಕ ಆನ್. ಬೇಕೇ ಬೇಕು ಅಂದರೆ ಡಿಡಿ ಅಂತ ಇರುವುದು ತಗೊಳ್ಳಿ. ಕಂಟ್ರೋಲರ್ ಕೂಡ ಎಷ್ಟು ವೋಲ್ಟ್‌ಗೆ ಓಡುತ್ತದೆ ನೋಡಿ, ಎಷ್ಟೋ ಮಾಡೆಲ್‌ಗಳಿಗೆ 230 ವೋಲ್ಟ್ ಎಸಿಯೇ ಬೇಕು.

ಸರ್ಕ್ಯೂಟ್_ತುಮಕೂರು

ಇದು ನನಗೆ ಗೊತ್ತಿರಲಿಲ್ಲ. ಸರಿ, ನನ್ನ ಮಾತು ವಾಪಸ್. ಯಾರೂ ಡಿಎ ತರಬೇಡಿ.

ನಿಧಾನ_ಅಡುಗೆ

ನಾನು ಮೂರು ವರ್ಷದಿಂದ 100 ವ್ಯಾಟ್ ಒಲೆಯಲ್ಲಿ ಬೇಳೆ, ಅನ್ನ ಮಾಡುತ್ತಿದ್ದೇನೆ. ಕ್ಯಾಲಿಫೋರ್ನಿಯಾದ ಕ್ಯಾಲ್ ಪಾಲಿ ವಿಶ್ವವಿದ್ಯಾಲಯದಲ್ಲಿ ಪೀಟ್ ಶ್ವಾರ್ಟ್ಜ್ ಮತ್ತು ಅವರ ವಿದ್ಯಾರ್ಥಿಗಳು ಮಾಡಿದ ಒಲೆ ನೋಡಿ ಕಲಿತದ್ದು. ಚಿಕ್ಕ ಪ್ಯಾನೆಲ್, ದಪ್ಪ ಇನ್ಸುಲೇಷನ್, ನಿಧಾನ ಅಡುಗೆ. ಲೆಕ್ಕ ಹಾಕಿದರೆ 1 ಲೀಟರ್ ನೀರು 25ರಿಂದ 100 ಡಿಗ್ರಿಗೆ ಬರಲು 100 ವ್ಯಾಟ್‌ಗೆ 52 ನಿಮಿಷ ಬೇಕು, ಅದೂ ಬಿಸಿ ಒಂಚೂರೂ ಸೋರದಿದ್ದರೆ. ಆದರೆ ಅಂಥ 36 ಸೆಲ್‌ನ ಚಿಕ್ಕ ಪ್ಯಾನೆಲ್ ಓಪನ್ ಸರ್ಕ್ಯೂಟ್‌ನಲ್ಲೂ 22 ವೋಲ್ಟ್ ಅಷ್ಟೇ. ಅಷ್ಟರಲ್ಲಿ ಕಿಡಿ ಬೇಗ ಆರುತ್ತದೆ. ಸುರಕ್ಷತೆಯ ಅರ್ಧ ಕೆಲಸ ಅಲ್ಲೇ ಆಯಿತು.

ಮೇಲೆ ಅಣ್ಣ ಹೇಳಿದ ಮಾಸ್‌ಫೆಟ್ ಒಳ್ಳೆಯದೇ. ಆದರೆ ಮಾಸ್‌ಫೆಟ್ ಕೆಟ್ಟರೆ ಹೆಚ್ಚಾಗಿ ಶಾರ್ಟ್ ಆಗಿಯೇ ಕೆಡುತ್ತದೆ, ಅಂದರೆ ಹೀಟರ್ ಆನ್ ಆಗಿಯೇ ಉಳಿಯುತ್ತದೆ. ಹಾಗಾಗಿ ಅದಕ್ಕೆ ಸಂಬಂಧವೇ ಇಲ್ಲದ ಥರ್ಮಲ್ ಫ್ಯೂಸ್ ಒಂದು ಹೀಟರ್ ಲೈನ್‌ನಲ್ಲಿ ಇರಲೇಬೇಕು. ನಮ್ಮ ಪ್ರೆಶರ್ ಕುಕ್ಕರ್ ನೋಡಿ. ವಿಷಲ್ ದಿನಾ ಕೆಲಸ ಮಾಡುತ್ತದೆ, ಸೇಫ್ಟಿ ವಾಲ್ವ್‌ನ ಕರಗುವ ಲೋಹ ವಿಷಲ್ ಕಟ್ಟಿಕೊಂಡ ದಿನಕ್ಕೆ ಮಾತ್ರ. ಅದೇ ಲೆಕ್ಕ. ಡಿಸಿ ರೇಟಿಂಗ್ ಬರೆದಿರುವ ಫ್ಯೂಸ್ ಹುಡುಕಿ.

ಡಿಗ್ರಿ ಆರಿಸುವುದರಲ್ಲಿ ನಾನು ಮೂರು ಫ್ಯೂಸ್ ಕಳೆದುಕೊಂಡೆ. ಫ್ಯೂಸ್ ಮೇಲಿನ ನಂಬರ್ ಅದು ಕಡಿಯುವ ಬಿಸಿ. ದಿನಾ ತಡೆದುಕೊಳ್ಳುವ ಬಿಸಿ ಬೇರೆ, ಡಾಟಾಶೀಟ್‌ನಲ್ಲಿ ಹೋಲ್ಡಿಂಗ್ ಅಂತ ಇರುತ್ತದೆ, ಕಡಿಯುವುದಕ್ಕಿಂತ ಎಷ್ಟೋ ಡಿಗ್ರಿ ಕಡಿಮೆ. ಮೊದಲು ನೀರು ತುಂಬಿಸಿ, ಮಟ ಮಟ ಮಧ್ಯಾಹ್ನ, ಹೀಟರ್ ಪಕ್ಕ ಎಷ್ಟು ಬಿಸಿ ಬರುತ್ತದೆ ಅಂತ ಕೆ ಟೈಪ್ ಪ್ರೋಬ್ ಇಟ್ಟು ಅಳೆಯಿರಿ. ನನ್ನದು 140ರ ಆಸುಪಾಸು. ನಾನು 216 ಡಿಗ್ರಿಯದು ಹಾಕಿದ್ದೇನೆ. ಥರ್ಮೋಸ್ಟಾಟ್ ಅದಕ್ಕಿಂತ ಮೊದಲೇ ಕಡಿಯಬೇಕು, ಅದನ್ನು ಪಾತ್ರೆಯ ಮೈಗೆ ಒತ್ತಿ ಕೂರಿಸಿ. ಫ್ಯೂಸ್ ಮಾತ್ರ ಹೀಟರ್ ಪಕ್ಕವೇ ಇರಲಿ.

ಫ್ಯೂಸ್ ಕಾಲಿಗೆ ಬೆಸುಗೆ ಹಾಕಬೇಡಿ. ಬೆಸುಗೆ ಕಡ್ಡಿಯ ಬಿಸಿಗೇ ಒಳಗೆ ಕರಗಿ ಕಡಿದುಹೋಗುತ್ತದೆ. ತಾಮ್ರದ ಫೆರೂಲ್ (ಸಣ್ಣ ಕೊಳವೆ) ಹಾಕಿ ಕ್ರಿಂಪ್ ಮಾಡಿ, ಅಂದರೆ ಒತ್ತಿ ಬಿಗಿಸಿ. ಲೋಹದ ಮೈಯ ಫ್ಯೂಸ್ ಆದರೆ ಆ ಮೈಯಲ್ಲೂ ಕರೆಂಟ್ ಇರುತ್ತದೆ, ಪಾತ್ರೆಗೆ ತಾಗಬಾರದು. ಫೈಬರ್‌ಗ್ಲಾಸ್ ಸ್ಲೀವ್ ತೊಡಿಸಿ. ಒಳಗಿನ ವೈರ್ ಸಿಲಿಕೋನ್‌ನದೇ ಬೇಕು, ಮನೆ ವೈರಿಂಗ್‌ನ ಪಿವಿಸಿ ವೈರ್ 70 ಡಿಗ್ರಿಗೆ ಮಾಡಿದ್ದು. ಗ್ಲಾಸ್‌ವೂಲ್ ಬದಲು ರಾಕ್‌ವೂಲ್ ಸಿಕ್ಕರೆ ಒಳ್ಳೆಯದು. ಥರ್ಮೋಕೋಲ್ ಹತ್ತಿರವೂ ತರಬೇಡಿ.

ಬಿಸಿಲುಸೀಮೆ_ಮನೆ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಒಂದು ಅನುಮಾನ. ಅಂಗಡಿಯಲ್ಲಿ 216 ಅಂತ ಕೊಟ್ಟ ಫ್ಯೂಸ್ ನಿಜವಾಗಿ 216ಕ್ಕೆ ಕಡಿಯುತ್ತದೆ ಅಂತ ಹೇಗೆ ನಂಬುವುದು?

ನಿಧಾನ_ಅಡುಗೆ

ಐದು ತನ್ನಿ, ಒಂದನ್ನು ಬಲಿ ಕೊಡಿ. ಹಳೇ ಬಾಣಲೆಗೆ ಮರಳು ಹಾಕಿ, ಫ್ಯೂಸ್‌ನ ಮೈಯನ್ನೂ ಪ್ರೋಬ್‌ನ ತುದಿಯನ್ನೂ ಒಟ್ಟಿಗೆ ಹೂತು, ಫ್ಯೂಸ್‌ನ ಎರಡು ಕಾಲು ಮರಳಿನ ಮೇಲೆ ಬಿಟ್ಟು ಅವಕ್ಕೆ ಮೀಟರ್ ಹಾಕಿ. ಮೀಟರ್ ಕಂಟಿನ್ಯೂಟಿಯಲ್ಲಿ ಇರಲಿ, ಫ್ಯೂಸ್ ಕಡಿಯುವ ತನಕ ಕೂಗುತ್ತಿರುತ್ತದೆ. ಸಣ್ಣ ಉರಿಯಲ್ಲಿ ಬಿಸಿ ಮಾಡಿ, 180 ದಾಟಿದ ಮೇಲೆ ಇನ್ನೂ ನಿಧಾನ. ಕೂಗು ನಿಂತಾಗ ಪ್ರೋಬ್ ಎಷ್ಟು ತೋರಿಸುತ್ತದೆ ಬರೆದುಕೊಳ್ಳಿ. ನಾನು ತಂದ ಒಂದು ಕಟ್ಟಿನಲ್ಲಿ 260 ಆದರೂ ಕೂಗು ನಿಲ್ಲಲಿಲ್ಲ. ಇಡೀ ಕಟ್ಟನ್ನೇ ಬಿಸಾಕಿದೆ.

ಬಿಸಿಲುಸೀಮೆ_ಮನೆ

ಭಾನುವಾರ ಮಾಡಿ ನೋಡುತ್ತೇನೆ. ಪ್ಯಾನೆಲ್ ಪಕ್ಕ ಅಮ್ಮನ ಕೈಗೆ ಸಿಗುವ ಹಾಗೆ ಒಂದು ಡಿಸಿ ಎಂಸಿಬಿ ಸ್ವಿಚ್ ಕೂಡ ಹಾಕಿಸುತ್ತೇನೆ. ಕಂಬಳಿ ಅಲ್ಲೇ ಇರುತ್ತದೆ.