ಪ್ರಯೋಗದ ಇಲಿಗೆ ವಿಟಮಿನ್ ಸಿ ಎಷ್ಟು ಹಾಕಬೇಕು?

ಪ್ರಶ್ನೆ: ನಮಸ್ತೆ ಮೇಡಂ. ನಾನು ಎಂ.ಫಾರ್ಮ್ ವಿದ್ಯಾರ್ಥಿ. ಹೆಣ್ಣು ಇಲಿಗಳಿಗೆ ಡಿಎಂಬಿಎ ಅನ್ನೋ ಕ್ಯಾನ್ಸರ್ ತರುವ ರಾಸಾಯನಿಕ ಕೊಟ್ಟು ಸ್ತನದ ಗೆಡ್ಡೆ ಬರಿಸಿ, ಒಂದು ಗಿಡದ ಸಾರ ಪರೀಕ್ಷೆ ಮಾಡಬೇಕು. ಫೀಡ್ ಚೀಲದ ಮೇಲೆ ಉಳಿದ ವಿಟಮಿನ್ ಎಲ್ಲಾ ಬರೆದಿದೆ, ಸಿ ಮಾತ್ರ ಇಲ್ಲ. ಗೆಡ್ಡೆ ಬಂದ ಇಲಿ ಸೊರಗುತ್ತೆ, ಕುಡಿಯೋ ನೀರಿಗೆ ಸ್ವಲ್ಪ ಬೆರೆಸು ಅಂತ ಸೀನಿಯರ್ ಹೇಳುತ್ತಿದ್ದಾರೆ. ಎಷ್ಟು ಹಾಕಲಿ?

ಉತ್ತರ (ಆನಿಮಲ್ ಹೌಸ್ ಪಶುವೈದ್ಯೆ): ಒಂದು ಚಿಟಿಕೆಯೂ ಬೇಡ. ಫೀಡ್‌ನವರು ಮರೆತಿಲ್ಲ, ಬೇಕಿಲ್ಲ ಅಂತಲೇ ಬಿಟ್ಟಿದ್ದಾರೆ. ಇಲಿ ತನಗೆ ಬೇಕಾದ ವಿಟಮಿನ್ ಸಿಯನ್ನು ಲಿವರ್‌ನಲ್ಲಿ ಗ್ಲೂಕೋಸ್‌ನಿಂದ ತಾನೇ ಮಾಡಿಕೊಳ್ಳುತ್ತದೆ. ಕೊನೇ ಹಂತಕ್ಕೆ ಬೇಕಾದ ಎನ್‌ಜೈಮ್ ಗುಲೋನೊಲ್ಯಾಕ್ಟೋನ್ ಆಕ್ಸಿಡೇಸ್. ನಮ್ಮಲ್ಲೂ ಕೋತಿಗಳಲ್ಲೂ ಗಿನಿಪಿಗ್‌ನಲ್ಲೂ ಅದರ ಜೀನ್ ಕೆಟ್ಟು ಕೂತಿದೆ. ಹಾಗಾಗಿ ನೆಲ್ಲಿಕಾಯಿ, ನಿಂಬೆಹಣ್ಣು ನಮಗೆ ಬೇಕು, ಇಲಿಗಲ್ಲ.

ನಿಮ್ಮ ಕೆಲಸಕ್ಕೆ ಇನ್ನೂ ಒಂದು ತೊಡಕಿದೆ. ಮೀಥೈಲ್‌ಕೊಲಾಂಥ್ರೀನ್‌ನಂಥ ಕ್ಯಾನ್ಸರ್ ತರುವ ರಾಸಾಯನಿಕ ಕೊಟ್ಟರೆ ಇಲಿ ಮಾಮೂಲಿಗಿಂತ ಜಾಸ್ತಿ ವಿಟಮಿನ್ ಸಿ ತಯಾರಿಸುತ್ತದೆ. ಕಾನಿ ಮತ್ತು ಬರ್ನ್ಸ್ ಅನ್ನೋ ವಿಜ್ಞಾನಿಗಳು ಇದನ್ನು 1959ರಲ್ಲೇ ಬರೆದಿದ್ದಾರೆ. ನಿಮ್ಮ ಡಿಎಂಬಿಎ ಕೂಡ ಅದೇ ಕುಟುಂಬದ್ದು. ಅದರ ಮೇಲೆ ನೀವೂ ಸುರಿದರೆ, ಗೆಡ್ಡೆ ಕಮ್ಮಿಯಾಗಿದ್ದು ಗಿಡದ ಸಾರದಿಂದಲೋ ವಿಟಮಿನ್‌ನಿಂದಲೋ ಅಂತ ವೈವಾದಲ್ಲಿ ಕೇಳಿದಾಗ ಏನು ಹೇಳುತ್ತೀರಿ?

ಸುಮ್ನೆ ಹಾಕಿದರೆ ನಷ್ಟವೇನು ಅನ್ನಬೇಡಿ. 1980ರ ದಶಕದಲ್ಲಿ ಜಪಾನಿನಲ್ಲಿ ಇಲಿಗಳ ಮೂತ್ರಕೋಶದ ಕ್ಯಾನ್ಸರ್ ಮೇಲೆ ಕೆಲಸ ನಡೆಯಿತು. ಸೋಡಿಯಂ ಆಸ್ಕಾರ್ಬೇಟ್ (ವಿಟಮಿನ್ ಸಿಯ ಸೋಡಿಯಂ ಲವಣ) ಜಾಸ್ತಿ ತಿಂದ ಇಲಿಗಳಲ್ಲಿ ಗೆಡ್ಡೆ ಹೆಚ್ಚಿತು. ಬರೀ ಆಸ್ಕಾರ್ಬಿಕ್ ಆಸಿಡ್, ಅಂದರೆ ಸೋಡಿಯಂ ಸೇರದ ವಿಟಮಿನ್ ಸಿ, ತಿಂದವುಗಳಲ್ಲಿ ಹೆಚ್ಚಲಿಲ್ಲ. ಸೋಡಿಯಂ ಸೇರಿ ಮೂತ್ರದ ಪಿಎಚ್ ಏರಿದ್ದೇ ಕಾರಣ ಅಂತ ಆಮೇಲೆ ಗೊತ್ತಾಯಿತು. ಬಾಟಲಿಯಲ್ಲಿ ಬೆರೆಸಿದ್ದು ಗಾಳಿ, ಬೆಳಕು ತಾಗಿ ಹಾಳಾಗುತ್ತಲೂ ಇರುತ್ತದೆ. ಯಾವ ಇಲಿ ಎಷ್ಟು ಕುಡಿಯಿತು ಅಂತ ಲೆಕ್ಕ ಸಿಗೋದಿಲ್ಲ.

ಪ್ರಶ್ನೆ: ಹಾಗಾದರೆ ವಿಟಮಿನ್ ಸಿ ಕಮ್ಮಿಯಾದಾಗ ಗೆಡ್ಡೆ ಹೇಗೆ ಬೆಳೆಯುತ್ತೆ ಅಂತ ಇಲಿಯಲ್ಲಿ ನೋಡೋಕೇ ಆಗಲ್ವಾ?

ಉತ್ತರ: ಮಾಮೂಲಿ ಇಲಿಯಲ್ಲಿ ಆಗಲ್ಲ. ಅದರಲ್ಲಿ ಕೊರತೆ ತರೋದು ಹೇಗೆ, ಕಾರ್ಖಾನೆ ಒಳಗೇ ಇದೆಯಲ್ಲಾ! ಜಪಾನಿನಲ್ಲಿ ಸಿಕ್ಕ ಓಡಿಎಸ್ ಅನ್ನೋ ತಳಿಯ ಇಲಿಗೆ ಆ ಎನ್‌ಜೈಮ್ ಕೆಲಸ ಮಾಡೋದಿಲ್ಲ. ಆ ಜೀನ್ ತೆಗೆದ ಸುಂಡಿಲಿಗಳೂ ಇವೆ. ಹಳೇ ದಾರಿ ಅಂದರೆ ಗಿನಿಪಿಗ್. ನಾರ್ವೆಯಲ್ಲಿ ಹೋಲ್ಸ್ಟ್ ಮತ್ತು ಫ್ರೋಲಿಕ್ 1907ರಲ್ಲಿ ಅದಕ್ಕೆ ಬರೀ ಕಾಳು, ಬ್ರೆಡ್ ತಿನ್ನಿಸಿ ಸ್ಕರ್ವಿ (ವಿಟಮಿನ್ ಸಿ ಕೊರತೆಯ ರೋಗ) ಬರಿಸಿದ್ದರು.

ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಂದು ಕಡೆ ಗಿನಿಪಿಗ್‌ಗಳಿಗೂ ಇಲಿ ಫೀಡನ್ನೇ ಹಾಕುತ್ತಿದ್ದರು. ಮೂರನೇ ವಾರ ಒಂದನ್ನು ಎತ್ತಿಕೊಂಡರೆ ಕಿರ್ ಅಂತ ಚೀರಿತು. ಹಿಂಗಾಲಿನ ಮಂಡಿ ಊದಿತ್ತು, ಮೂಲೆ ಬಿಟ್ಟು ಕದಲುತ್ತಿರಲಿಲ್ಲ. ಆಸ್ಕಾರ್ಬಿಕ್ ಆಸಿಡ್ ಬಾಯಿಗೆ ಹಾಕಿ, ದಿನಾ ಹಸಿ ಕುದುರೆಮಸಾಲೆ ಸೊಪ್ಪು ಕೊಟ್ಟ ಮೇಲೆ ಚೇತರಿಸಿಕೊಂಡಿತು.

ಪ್ರಶ್ನೆ (ಇನ್ನೊಬ್ಬ ಸದಸ್ಯರು): ಮೇಡಂ, ನಮ್ಮಪ್ಪನಿಗೆ ಕೀಮೋ ನಡೀತಿದೆ. ವಿಟಮಿನ್ ಸಿ ಮಾತ್ರೆ ಜಾಸ್ತಿ ಕೊಡಬಹುದಾ?

ಉತ್ತರ: ನಾನು ಪ್ರಾಣಿಗಳ ಡಾಕ್ಟರು, ಅಣ್ಣಾ. ಅಪ್ಪನನ್ನು ನೋಡುತ್ತಿರೋ ಡಾಕ್ಟರನ್ನೇ ಕೇಳಿ, ಅವರಿಗೆ ಹೇಳದೆ ಏನೂ ಕೊಡಬೇಡಿ. ಇಷ್ಟು ಗೊತ್ತಿರಲಿ: ಮಾತ್ರೆಯಿಂದ ಲಾಭ ಆಗುತ್ತಾ ಅಂತ ಅಮೆರಿಕದ ಮೇಯೊ ಕ್ಲಿನಿಕ್‌ನವರು ರೋಗಿಗಳಲ್ಲೇ ನೋಡಿ, 1979ರಲ್ಲಿ ಒಮ್ಮೆ, 1985ರಲ್ಲಿ ಇನ್ನೊಮ್ಮೆ ವರದಿ ಮಾಡಿದರು. ಎರಡು ಸಲವೂ ಲಾಭ ಕಾಣಲಿಲ್ಲ.

ಪ್ರಶ್ನೆ (ವಿದ್ಯಾರ್ಥಿ): ಥ್ಯಾಂಕ್ಸ್ ಮೇಡಂ. ಆದರೆ ನಿನ್ನೆಯಿಂದ ಎರಡು ಪಂಜರಕ್ಕೆ ಬೆರೆಸಿದ ನೀರು ಇಟ್ಟುಬಿಟ್ಟಿದ್ದೀನಿ.

ಉತ್ತರ: ಈಗಲೇ ಹೋಗಿ ಬಾಟಲಿ ಬದಲಾಯಿಸಿ. ಇಂಥ ದಿನ, ಇಂಥ ಪಂಜರ, ಇಷ್ಟು ಗಂಟೆ ಅಂತ ರಿಜಿಸ್ಟರ್‌ನಲ್ಲಿ ಬರೆದು ಗೈಡ್‌ಗೆ ತೋರಿಸಿ. ಪ್ರಾಣಿ ನೈತಿಕ ಸಮಿತಿ ಒಪ್ಪಿದ ಪ್ರೋಟೊಕಾಲ್‌ನಲ್ಲಿ ಇಲ್ಲದ್ದನ್ನು ಕೊಟ್ಟಿದ್ದೀರಿ, ಆ ವಿಷಯ ಅವರಿಗೂ ತಿಳಿಸಬೇಕಾಗುತ್ತದೆ.