ಹಳೇ ಲ್ಯಾಪ್‌ಟಾಪ್‌ಗೆ ಎಷ್ಟು ರ‍್ಯಾಮ್ ಹಿಡಿಯುತ್ತದೆ, ನೋಡೋದು ಹೇಗೆ?

ತೋಟದಮನೆ:
ನಮಸ್ಕಾರ. ಸೋಮವಾರಪೇಟೆ ಹತ್ತಿರ ನಮ್ಮದು ಸಣ್ಣ ಕಾಫಿ ತೋಟ. ಕೆಲಸದವರ ವಾರದ ಬಟವಾಡೆ, ಗೊಬ್ಬರದ ಲೆಕ್ಕ ಎಲ್ಲಾ ಒಂದು ಹಳೇ ಲ್ಯಾಪ್‌ಟಾಪ್‌ನಲ್ಲಿದೆ. ಇಂಟೆಲ್ ಐ3-5005ಯು, 4 ಜಿಬಿ ರ‍್ಯಾಮ್, ವಿಂಡೋಸ್ 10. ಎಕ್ಸೆಲ್ ಜೊತೆಗೆ ಕ್ರೋಮ್ ತೆರೆದರೆ ಮುಗೀತು, ಒಲೆ ಮೇಲೆ ಕಾಫಿ ಇಟ್ಟು ಕುಡಿದು ಬಂದರೂ ಸುತ್ತುತ್ತಲೇ ಇರುತ್ತದೆ. ಅಂಗಡಿಯವರು "ಇದಕ್ಕೆ 4 ಜಿಬಿಗಿಂತ ಜಾಸ್ತಿ ಹಿಡಿಯಲ್ಲ, ಹೊಸದು ತಗೊಳ್ಳಿ" ಅಂದರು. ಹೌದಾ? ಈ ಮಳೆಯಲ್ಲಿ ಸುಮ್ನೆ ಮೈಸೂರಿಗೆ ಹೋಗೋ ಬದಲು ಮನೆಯಲ್ಲೇ ನೋಡೋಕೆ ದಾರಿ ಇದೆಯಾ?

ಮಡಿಕೇರಿಮಂಜು:
4 ಅನ್ನೋದು ತಪ್ಪು ಸರ್. ಇಂಟೆಲ್ ವೆಬ್‌ಸೈಟ್‌ನಲ್ಲಿ ಪ್ರೊಸೆಸರ್ ನಂಬರ್ ಹಾಕಿ ಹುಡುಕಿ, 5005ಯುಗೆ 16 ಜಿಬಿ ಅಂತಲೇ ಇದೆ. ಆದರೆ ಅದು ಪ್ರೊಸೆಸರ್ ಲೆಕ್ಕ ಅಷ್ಟೇ. ಲ್ಯಾಪ್‌ಟಾಪ್ ಮಾಡಿದವರು ಒಂದೇ ಸ್ಲಾಟ್ (ರ‍್ಯಾಮ್ ಕೂರಿಸೋ ಜಾಗ) ಕೊಟ್ಟಿರಬಹುದು, ಬಯಾಸ್‌ನಲ್ಲೇ (ಆನ್ ಮಾಡಿದಾಗ ವಿಂಡೋಸ್‌ಗಿಂತ ಮೊದಲು ಓಡೋ ಪ್ರೋಗ್ರಾಂ) ಮಿತಿ ಹಾಕಿರಬಹುದು. ಹಿಂಭಾಗದ ಚೀಟಿಯಲ್ಲಿ ಮಾಡೆಲ್ ನಂಬರ್ ಇರುತ್ತದೆ, ಅದರ ಸರ್ವಿಸ್ ಮ್ಯಾನ್ಯುಯಲ್ ನೋಡಿ. ಎರಡರಲ್ಲಿ ಕಡಿಮೆ ಇರೋದನ್ನು ನಂಬಿ. ಸ್ಲಾಟ್ ಎಷ್ಟಿದೆ ಅಂತ ವಿಂಡೋಸ್‌ನ ಟಾಸ್ಕ್ ಮ್ಯಾನೇಜರ್‌ನ ಪರ್ಫಾರ್ಮೆನ್ಸ್, ಮೆಮೊರಿಯಲ್ಲಿ ತೋರಿಸುತ್ತದೆ.

ತೋಟದಮನೆ:
ಎರಡರಲ್ಲಿ ಒಂದು ಸ್ಲಾಟ್ ಬಳಕೆಯಲ್ಲಿದೆ ಅಂತ ಬಂತು. ಮ್ಯಾನ್ಯುಯಲ್‌ನಲ್ಲೂ 16 ಇದೆ. ಇನ್ನೊಂದು ವಿಷಯ, ಸೆಟ್ಟಿಂಗ್ಸ್‌ನ ಅಬೌಟ್ ಪುಟದಲ್ಲಿ 4 ಜಿಬಿ ಪಕ್ಕ "3.4 ಯೂಸಬಲ್" ಅಂತಿದೆ. ಉಳಿದದ್ದು ಎಲ್ಲಿ ಹೋಯ್ತು?

ಗೋಣಿಕೊಪ್ಪಲ್‌ಹುಡುಗ:
ಅದೇ ಪುಟದಲ್ಲಿ ಸಿಸ್ಟಂ ಟೈಪ್ ಅಂತ ಇರುತ್ತದೆ, 32 ಬಿಟ್ ಅಂತಿದೆಯಾ ನೋಡಿ. ಇದ್ದರೆ ಅಂಗಡಿಯವರ 4 ಬಂದಿದ್ದು ಅಲ್ಲಿಂದಲೇ. 32 ಬಿಟ್ ವಿಂಡೋಸ್ 10 ನೀವು 8 ಹಾಕಿದರೂ 4ರ ಮೇಲೆ ಮುಟ್ಟೋದಿಲ್ಲ. ನಿಮ್ಮ ಪ್ರೊಸೆಸರ್ 64 ಬಿಟ್‌ದೇ. ಲೆಕ್ಕದ ಫೈಲ್ ಎಲ್ಲಾ ಬೇರೆ ಕಡೆ ಕಾಪಿ ಮಾಡಿಕೊಂಡು 64 ಬಿಟ್ ವಿಂಡೋಸ್ ಹೊಸದಾಗಿ ಹಾಕಬೇಕು, ಇರೋದರ ಮೇಲೇ ಹಾಕೋಕೆ ಬರಲ್ಲ.

ರ‍್ಯಾಮ್ ಕೇಳುವಾಗ ಡಿಡಿಆರ್3ಎಲ್, 1.35 ವೋಲ್ಟ್ ಅಂತ ಬಿಡಿಸಿ ಹೇಳಿ. 1.5 ವೋಲ್ಟ್‌ನ ಬರೀ ಡಿಡಿಆರ್3 ಸ್ಲಾಟ್‌ನಲ್ಲಿ ಕೂರುತ್ತದೆ, ಆದರೆ ಈ ಪ್ರೊಸೆಸರ್‌ಗೆ ಆಗಲ್ಲ. ಮುಚ್ಚಳ ಬಿಚ್ಚಿದ ಮೇಲೆ ಮೊದಲು ಬ್ಯಾಟರಿ ಕಳಚಿ. ರ‍್ಯಾಮ್ ಸ್ಟಿಕ್ ಓರೆಯಾಗಿ ತೂರಿಸಿ ಕೆಳಗೆ ಒತ್ತಿದರೆ ಎರಡೂ ಕಡೆ ಕ್ಲಿಪ್ ಟಕ್ ಅನ್ನಬೇಕು. ನಂದು ಒಂದೇ ಕಡೆ ಟಕ್ ಅಂದಿತ್ತು. ಪರದೆ ಕಪ್ಪಗೆ ಕೂತಿತು, ಸುಟ್ಟೇ ಹೋಯ್ತು ಅಂತ ಒಂದು ರಾತ್ರಿ ನಿದ್ದೆ ಇಲ್ಲ. ಬೆಳಗ್ಗೆ ತೆಗೆದು, ಚಿನ್ನದ ಬಣ್ಣದ ಅಂಚನ್ನು ಮಗಳ ರಬ್ಬರ್‌ನಲ್ಲಿ ಮೆಲ್ಲಗೆ ಉಜ್ಜಿ ಹಾಕಿದೆ, ಬಂತು.

ಕುಶಾಲನಗರಕಾವೇರಿ:
ಟಾಸ್ಕ್ ಮ್ಯಾನೇಜರ್ ಹೇಳಿದ್ದಕ್ಕೇ ದುಡ್ಡು ಕೊಡಬೇಡಿ. ನಮ್ಮ ಅಕ್ಕನ ಲ್ಯಾಪ್‌ಟಾಪ್‌ನಲ್ಲಿ 2 ಸ್ಲಾಟ್ ಅಂತಿತ್ತು, ಬಿಚ್ಚಿದರೆ ಇನ್ನೊಂದರ ಜಾಗ ಖಾಲಿ ಬೋರ್ಡ್, ಸ್ಲಾಟೇ ಕೂರಿಸಿರಲಿಲ್ಲ. ಮತ್ತೆ 16 ಎಲ್ಲಾ ಬೇಡ ಅಣ್ಣಾ, 8 ಸಾಕು. ವಿಂಡೋಸ್ 10ಗೆ ಮೈಕ್ರೋಸಾಫ್ಟ್‌ನ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೇ ಮುಗಿದಿದೆ, ಈ ಪ್ರೊಸೆಸರ್ ವಿಂಡೋಸ್ 11ರ ಪಟ್ಟಿಯಲ್ಲಿ ಇಲ್ಲ. ಇದರ ಮೇಲೆ ಜಾಸ್ತಿ ಸುರಿಯೋದು ಯಾಕೆ? ಹಾರ್ಡ್ ಡಿಸ್ಕ್ ಇನ್ನೂ ಹಳೇದೇ ಆಗಿದ್ದರೆ ಉಳಿದ ದುಡ್ಡಲ್ಲಿ ಎಸ್‌ಎಸ್‌ಡಿ (ಅದರ ಬದಲಿಗೆ ಹಾಕೋ, ಹೆಚ್ಚು ವೇಗದ ಡಿಸ್ಕ್) ಹಾಕಿಸಿ.

ತೋಟದಮನೆ:
32 ಬಿಟ್ಟೇ! ಬಿಚ್ಚಿ ನೋಡಿದೆ, ಎರಡನೇ ಸ್ಲಾಟ್ ನಿಜವಾಗಲೂ ಇದೆ, ಖಾಲಿ. 4ರ ಒಂದು ಸ್ಟಿಕ್ ಸಾಕಲ್ವಾ? ಕರೆಂಟ್ ಬಂದ ತಕ್ಷಣ ಬಟವಾಡೆ ಫೈಲ್ ಪೆನ್‌ಡ್ರೈವ್‌ಗೆ ಹಾಕಿಕೊಳ್ಳುತ್ತೇನೆ.

ಗೋಣಿಕೊಪ್ಪಲ್‌ಹುಡುಗ:
ಸಾಕು. ಈಗಿರುವ ಸ್ಟಿಕ್ ಮೇಲಿನ ಚೀಟಿಯ ಫೋಟೋ ತೆಗೆದುಕೊಂಡು ಹೋಗಿ ತೋರಿಸಿ.