ಇಎನ್ 24 ಶಾಫ್ಟ್, ಹಾರ್ಡನಿಂಗ್ ಆದ ಮೇಲೆ ಕೀವೇ ಮೂಲೆಯಲ್ಲಿ ಬಿರುಕು. ತಪ್ಪು ಯಾರದ್ದು?

ಪೀಣ್ಯ_ಲೇತ್:
ಎಲ್ಲರಿಗೂ ನಮಸ್ಕಾರ. ಪೀಣ್ಯದಲ್ಲಿ ನಮ್ಮದು ಸಣ್ಣ ಶಾಪ್, ಎರಡು ಲೇತ್, ಒಂದು ಮಿಲ್ಲಿಂಗ್. ಒಂದು ಪಾರ್ಟಿಗೆ 40 ಶಾಫ್ಟ್ ಮಾಡಿದೆವು. ಇಎನ್ 24 ಮೆಟೀರಿಯಲ್ (ನಿಕಲ್, ಕ್ರೋಮಿಯಂ, ಮಾಲಿಬ್ಡಿನಂ ಸೇರಿದ ಸ್ಟೀಲ್), 45 ಎಂಎಂ ಡಯಾ, ಒಂದು ತುದಿಗೆ ಕೀವೇ, ಅಂದರೆ ಗೇರ್ ಜಾರದಂತೆ ಹಿಡಿಯುವ ಕೀ ಕೂರುವ ಗಾಡಿ. ಡ್ರಾಯಿಂಗ್‌ನಲ್ಲಿ 50-52 ಎಚ್‌ಆರ್‌ಸಿ (ರಾಕ್‌ವೆಲ್ ಸಿ, ಹಾರ್ಡ್‌ನೆಸ್ ಅಳತೆ) ಅಂತ ಇದೆ. ನಮ್ಮಲ್ಲಿ ಫರ್ನೇಸ್ ಇಲ್ಲ, ಹಾರ್ಡನಿಂಗ್‌ಗೆ (ಕಾಯಿಸಿ ಎಣ್ಣೆಯಲ್ಲಿ ಅದ್ದಿ ಗಟ್ಟಿ ಮಾಡುವುದಕ್ಕೆ) ಹೊರಗಡೆ ಕೊಟ್ಟೆವು. ವಾಪಸ್ ಬಂದಾಗ ಹಾರ್ಡ್‌ನೆಸ್ ಸರಿಯಾಗೇ ಇತ್ತು, ಆದರೆ 6 ಪೀಸ್‌ನಲ್ಲಿ ಕೀವೇ ಮೂಲೆಯಿಂದ ಕೂದಲೆಳೆಯಂಥ ಬಿರುಕು. ಅವರನ್ನು ಕೇಳಿದರೆ ನಿಮ್ಮ ಮೆಟೀರಿಯಲ್ಲೇ ಸರಿ ಇಲ್ಲ ಅಂತಾರೆ, ಬಾರ್ ಕೊಟ್ಟವರು ಟೆಸ್ಟ್ ಸರ್ಟಿಫಿಕೇಟ್ ಎತ್ತಿ ತೋರಿಸುತ್ತಾರೆ, ಪಾರ್ಟಿ ದಿನಾ ಫೋನ್ ಮಾಡ್ತಾನೆ. ಯಾರನ್ನು ಹಿಡಿದುಕೊಳ್ಳಲಿ?

ಕುಲುಮೆ_ಮಗ:
ಮೊದಲು ಯಾರನ್ನೂ ಹಿಡಿಯಬೇಡಿ ಸರ್. ಬಿರುಕು ಬಿಟ್ಟ ಒಂದು ಪೀಸನ್ನು ಪ್ರೆಸ್‌ನಲ್ಲಿಟ್ಟು ಆ ಬಿರುಕಿನ ಜಾಗದಲ್ಲೇ ಮುರಿಯಿರಿ. ಹೇಗೂ ಸ್ಕ್ರಾಪ್ ಅಲ್ವಾ. ಒಳಗಿನ ಬಣ್ಣ ನೋಡಿ. ದಪ್ಪ ಕಪ್ಪು ಪೊರೆ ಇದ್ದರೆ ಬಿರುಕು ಹಾರ್ಡನಿಂಗ್‌ಗೆ ಮುಂಚೆಯೇ ಇತ್ತು, ಅಂದರೆ ಬಾರ್‌ನಲ್ಲೇ ದೋಷ, ಯಾಕೆಂದರೆ 840 ಡಿಗ್ರಿ ಆಸುಪಾಸಿನ ಶಾಖದಲ್ಲಿ ಆ ಸಂದಿಯೊಳಗೂ ಸ್ಕೇಲ್, ಅಂದರೆ ಆ ಕಪ್ಪು ಪೊರೆ, ಕಟ್ಟುತ್ತದೆ. ತೆಳುವಾಗಿ ಕಂದು, ನೇರಳೆ, ನೀಲಿ ಬಣ್ಣ ಇದ್ದರೆ ಎಣ್ಣೆಯಲ್ಲಿ ಅದ್ದಿದ ಮೇಲೆ, ಟೆಂಪರಿಂಗ್ (ಪೆಡಸು ಇಳಿಸಲು ಮತ್ತೆ ಹದವಾಗಿ ಕಾಯಿಸುವುದು) ಮುಗಿಯುವುದರೊಳಗೆ ಸೀಳಿದೆ. ಬೆಳ್ಳಗೆ ಹೊಸ ಲೋಹ ಕಂಡರೆ ಟೆಂಪರಿಂಗ್ ಆದ ಮೇಲಿನದು, ಆಗ ನಿಮ್ಮ ಗ್ರೈಂಡಿಂಗ್ ಮೇಲೆ ಅನುಮಾನ ಪಡಬೇಕು. ಒಂದು ಎಚ್ಚರ, ಕ್ವೆಂಚಿಂಗ್ ಎಣ್ಣೆ (ಕಾದ ಪೀಸ್ ಅದ್ದುವ ಎಣ್ಣೆ) ಒಳಗೆ ಇಳಿದು ಸುಟ್ಟಿದ್ದರೂ ಕಪ್ಪಾಗೇ ಕಾಣುತ್ತದೆ. ಅದನ್ನು ಸ್ಕೇಲ್ ಅಂದುಕೊಂಡು ಬಾರ್‌ನವರ ಜೊತೆ ಜಗಳಕ್ಕೆ ಹೋಗಬೇಡಿ.

ನಮ್ಮ ತಾತ ಕುಡುಗೋಲಿಗೆ ಹದ ಹಾಕುವಾಗ ಇದೇ ಬಣ್ಣ ನೋಡಿಯೇ ನಿಲ್ಲಿಸುತ್ತಿದ್ದರು. ಹುಲ್ಲಿನ ಬಣ್ಣ ಅಂದರೆ ಸುಮಾರು 220 ಡಿಗ್ರಿ, ನೀಲಿ ಬಂದರೆ 300. ಅವರ ಹತ್ತಿರ ಮೀಟರ್ ಎಲ್ಲಿತ್ತು!

ಇನ್ನೊಂದು ಮುಖ್ಯ ವಿಷಯ ಕೇಳಿ: ಕ್ವೆಂಚ್ ಆಗಿ ಎಷ್ಟು ಹೊತ್ತಿಗೆ ಟೆಂಪರಿಂಗ್‌ಗೆ ಹಾಕಿದರು ಅಂತ. ಎಣ್ಣೆಗೆ ಬಿದ್ದ ಶಾಫ್ಟಿನ ಹೊರಮೈ ಮೊದಲು ಗಟ್ಟಿಯಾಗಿ ಗಾಜಿನ ಹಾಗೆ ಆಗುತ್ತದೆ, ಒಳಗಿನದು ಆಮೇಲೆ ಗಟ್ಟಿಯಾಗುತ್ತಾ ಹಿಗ್ಗುತ್ತದೆ, ಆಗ ಹೊರಮೈ ಎಳೆತಕ್ಕೆ ಸಿಕ್ಕಿಕೊಳ್ಳುತ್ತದೆ. ಕೈಯಲ್ಲಿ ಮುಟ್ಟುವಷ್ಟು ಬಿಸಿ, ಅಂದರೆ 60-70 ಡಿಗ್ರಿ ಇರುವಾಗಲೇ ಟೆಂಪರಿಂಗ್ ಫರ್ನೇಸ್‌ಗೆ ಹೋಗಬೇಕು. ರಾತ್ರಿಯೆಲ್ಲಾ ಬಿಟ್ಟರೆ ಸುಮ್ನೆ ಕೂತಲ್ಲೇ ಸೀಳುತ್ತದೆ.

ಡ್ರಾಯಿಂಗ್_ಬೋರ್ಡ್:
ಮೇಲಿನವರು ಹೇಳಿದ್ದು ಸರಿ. ಆದರೆ ಕೀವೇ ಮೂಲೆಯಲ್ಲಿ ಎಷ್ಟು ರೇಡಿಯಸ್ ಬಿಟ್ಟಿದ್ದೀರಿ? ಹೊಸ ಕಟ್ಟರ್ ಹಾಕಿ ಚೂಪಾಗಿ ತೆಗೆದಿದ್ದರೆ ಬಿರುಕಿಗೆ ನೀವೇ ಜಾಗ ಮಾಡಿಕೊಟ್ಟ ಹಾಗೆ. ಅರ್ಧ ಎಂಎಂ ರೇಡಿಯಸ್ ಇದ್ದರೂ ಬಹಳ ವ್ಯತ್ಯಾಸ ಆಗುತ್ತದೆ, ಕೀ ಕೂರಲು ಕೀಯ ಅಂಚನ್ನು ಚ್ಯಾಂಫರ್ ಮಾಡಿದರೆ (ಓರೆಯಾಗಿ ಸವರಿದರೆ) ಸಾಕು.

ನನಗೆ ಅದಕ್ಕಿಂತ ತಲೆಬಿಸಿ ಆಗಿದ್ದು ಆ 50-52. ಇಎನ್ 24ನಲ್ಲಿ ಆ ನಂಬರ್ ಬರಬೇಕಾದರೆ 300 ಡಿಗ್ರಿ ಹತ್ತಿರ ಟೆಂಪರ್ ಮಾಡಬೇಕು. ಸುಮಾರು 260ರಿಂದ 370ರವರೆಗಿನ ಜಾಗ ಈ ಜಾತಿ ಸ್ಟೀಲಿಗೆ ಒಳ್ಳೆಯದಲ್ಲ, ಹಾರ್ಡ್‌ನೆಸ್ ಇಳಿದರೂ ಪೆಟ್ಟು ತಡೆಯುವ ಶಕ್ತಿ ಕಡಿಮೆಯಾಗುತ್ತದೆ. ತಿರುಗುವ ಶಾಫ್ಟಿಗೆ ಯಾರಪ್ಪಾ ಪೂರ್ತಿ ಮೈಗೆ 52 ಕೇಳುತ್ತಾರೆ? ಹಳೇ ಡ್ರಾಯಿಂಗ್‌ನಿಂದ ಕಾಪಿ ಹೊಡೆದಿರಬೇಕು. ಪಾರ್ಟಿಗೆ ಹೇಳಿ ನೋಡಿ: ಟಿ ಕಂಡೀಷನ್ ಬಾರ್, ಅಂದರೆ ಮೊದಲೇ ಹಾರ್ಡನ್ ಮತ್ತು ಟೆಂಪರ್ ಆಗಿ ಬರುವ ಬಾರ್ ಸಿಗುತ್ತದೆ, 248-302 ಬ್ರಿನೆಲ್ (ಹಾರ್ಡ್‌ನೆಸ್‌ನ ಇನ್ನೊಂದು ಅಳತೆ, 52 ಎಚ್‌ಆರ್‌ಸಿಗಿಂತ ಬಹಳ ಮೆತ್ತಗೆ), ಅದನ್ನೇ ಟರ್ನಿಂಗ್ ಮಾಡಬಹುದು, ಆಮೇಲೆ ಸೀಲ್ ಉಜ್ಜುವ ಜಾಗಕ್ಕೆ ಮಾತ್ರ ಇಂಡಕ್ಷನ್ (ಕರೆಂಟ್ ಕಾಯಿಲ್‌ನಿಂದ ಮೇಲ್ಮೈ ಮಾತ್ರ ಕಾಯಿಸಿ ಗಟ್ಟಿ ಮಾಡುವುದು). ಇಲ್ಲಾ ನೈಟ್ರೈಡಿಂಗ್ (ನೈಟ್ರೋಜನ್ ಇಳಿಸಿ ಮೇಲ್ಮೈ ಗಟ್ಟಿ ಮಾಡುವುದು) ಮಾಡಿಸಿ. 500 ಚಿಲ್ಲರೆ ಡಿಗ್ರಿಯ ಕೆಲಸ, ಎಣ್ಣೆಯಲ್ಲಿ ಅದ್ದುವ ಮಾತೇ ಇಲ್ಲ, ಸೊಟ್ಟ ಆಗುವುದೂ ಕಡಿಮೆ.

ಪೀಣ್ಯ_ಲೇತ್:
ಮುರಿದೆ. ಬಿರುಕಿನ ಜಾಗ ಪೂರ್ತಿ ನೇರಳೆ-ನೀಲಿ, ಉಳಿದದ್ದು ಬೂದು ಬಣ್ಣ. ಹಾರ್ಡನಿಂಗ್‌ನವರಿಗೆ ಫೋಟೋ ಕಳಿಸಿ ಫರ್ನೇಸ್ ಚಾರ್ಟ್ (ಯಾವಾಗ ಎಷ್ಟು ಶಾಖ ಕೊಟ್ಟರು ಅನ್ನುವ ದಾಖಲೆ) ಕೇಳಿದೆ. ಮೊದಲು ಕೊಡಲ್ಲ ಅಂದರು, ಆಮೇಲೆ ಕೊಟ್ಟರು. ಹಾರ್ಡನಿಂಗ್ ಶನಿವಾರ ಸಂಜೆ, ಟೆಂಪರಿಂಗ್ ಸೋಮವಾರ ಬೆಳಿಗ್ಗೆ 😀 ಭಾನುವಾರ ರಜೆ. ಆರು ಪೀಸಿನ ಮೆಟೀರಿಯಲ್ ದುಡ್ಡು ಅರ್ಧ ಕೊಡುತ್ತೇವೆ ಅಂದಿದ್ದಾರೆ. ಪೂರ್ತಿ ಕೇಳಲು ನನಗೂ ಬಾಯಿ ಬರಲಿಲ್ಲ, ಕೀವೇ ಮೂಲೆ ನಿಜವಾಗಲೂ ಚೂಪಾಗೇ ಇತ್ತು.

ಉಳಿದ 34 ಪೀಸ್ ಕಣ್ಣಿಗೆ ಚೆನ್ನಾಗಿವೆ. ಇನ್ನೊಂದು ಸಲ ಟೆಂಪರ್ ಮಾಡಿಸಿ ಕಳಿಸಿಬಿಡಲಾ?

ಕುಲುಮೆ_ಮಗ:
ಬೇಡ ಸರ್. ಬಿಟ್ಟ ಬಿರುಕು ಟೆಂಪರಿಂಗ್‌ನಿಂದ ಕೂಡಿಕೊಳ್ಳಲ್ಲ. ಎಲ್ಲವೂ ಒಂದೇ ಲಾಟ್, ಎಲ್ಲವೂ ಭಾನುವಾರ ಹಾಗೇ ಬಿದ್ದಿದ್ದವು. 34ಕ್ಕೂ ಮ್ಯಾಗ್ನೆಟಿಕ್ ಪಾರ್ಟಿಕಲ್ ಟೆಸ್ಟ್ ಮಾಡಿಸಿ, ಕಣ್ಣಿಗೆ ಕಾಣದ್ದು ಅದರಲ್ಲಿ ಗೆರೆಯಾಗಿ ಎದ್ದು ಕಾಣುತ್ತದೆ. ಆಮೇಲೆ ಡಿಮ್ಯಾಗ್ನೆಟೈಸ್ ಮಾಡಿಸುವುದು ಮರೆಯಬೇಡಿ, ಇಲ್ಲದಿದ್ದರೆ ಗೇರ್‌ಬಾಕ್ಸಿನ ಕಬ್ಬಿಣದ ಪುಡಿಯೆಲ್ಲಾ ಬೇರಿಂಗ್ ಹತ್ತಿರ ಬಂದು ಅಂಟಿಕೊಳ್ಳುತ್ತದೆ.

ಡ್ರಾಯಿಂಗ್_ಬೋರ್ಡ್:
ಟೆಸ್ಟ್ ರಿಪೋರ್ಟ್ ಬಂದ ಮೇಲೆ ಎಷ್ಟು ಉಳಿಯಿತು ಅಂತ ಇಲ್ಲಿ ಹಾಕಿ. ಮತ್ತೆ ಆ 50-52 ಬಗ್ಗೆ ಪಾರ್ಟಿ ಏನಂದ ಅದನ್ನೂ ಹೇಳಿ, ನನಗೆ ಅದೇ ಕುತೂಹಲ.